ಪವಿತ್ರ ಕಂಡ ಬೆಳಕು

ಒಣಮೆಣಸಿನಕಾಯಿ ಸೀದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೊದಲು ನೆನಪಾಗುವುದು ದೊಡ್ಡಪ್ಪನ ಮಗಳು ಪವಿತ್ರ.

ನಾವು ಚಿಕ್ಕವರಿದ್ದಾಗ ಅವಳು ಅಂಡಮಾನಿಗೆ ವಿಮಾನದಲ್ಲಿ ಹೋಗಿಬಂದಿದ್ದಳು. ಆ ಮಧ್ಯಾಹ್ನ ಬಾಬುರಾಯನಕೊಪ್ಪಲಿನ ಅಜ್ಜಿಮನೆಯಲ್ಲಿ ಎಲ್ಲರೂ ಅವಳ ಸುತ್ತ ಕೂತಿದ್ದರು. ಅಜ್ಜಿಯ ಪಕ್ಕದ ಜಾಗ ಯಾವಾಗಲೂ ನನ್ನದು. ಅವತ್ತು ಅಲ್ಲಿ ಅವಳು, ವಿಮಾನದಲ್ಲಿ ಕೊಟ್ಟ ಚಾಕಲೇಟಿನ ಕಾಗದವನ್ನು ಉಗುರಿನಿಂದ ನೀವುತ್ತ.

ಮುಸ್ಸಂಜೆಯಲ್ಲಿ, ಕಡಲಿನ ಮೇಲೆ, ಕೆಂಡದಂಥ ಮೂರು ಬೆಳಕು ಕಿಟಕಿಯಾಚೆ ಜೊತೆಜೊತೆಗೇ ಬಂದು ಫಕ್ಕನೆ ಆರಿಹೋದವಂತೆ. ಅದೇನೆಂದು ಗಗನಸಖಿಗೂ ತಿಳಿಯಲಿಲ್ಲವಂತೆ.

"ಮೀನು ಹಿಡಿಯೋರ ದೋಣಿ ಇರ್ಬೇಕು ಬುಡು," ಅಂದೆ. ಯಾರೂ ನನ್ನತ್ತ ತಿರುಗಲಿಲ್ಲ. ನಾನು ಕಂಡಿದ್ದು ಊರಾಚೆಯ ಕರಿಘಟ್ಟ ಬೆಟ್ಟದ ತುದಿಯ ದೀಪವೊಂದನ್ನೇ. ಅದನ್ನು ಊರೆಲ್ಲ ಕಂಡಿತ್ತು.

"ಅದೇನೋ ಎಂತದೋ, ಮಗ ಎದ್ರುಕಂಡಿರ್ತದೆ," ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ಹಿಡಿದು ಪವಿತ್ರಳಿಗೆ ದೃಷ್ಟಿ ನೀವಾಳಿಸಿ ಒಲೆಗೆ ಹಾಕಿದಳು. ಚಟಪಟ ಸಿಡಿಯಿತು. ಯಾರಿಗೂ ಕೆಮ್ಮು ಬರಲಿಲ್ಲ.

"ನೋಡ್ರವ್ವ, ಒಸಿನೂ ಗಾಟಿಲ್ಲ! ಎಂತಾ ಕಣ್ಣು ಬಿದ್ದಿತ್ತೋ ಮಗೀಗೆ!"

"ನಂಗೂ ತೆಗಿಯಜ್ಜಿ," ಎಂದು ಸೆರಗು ಜಗ್ಗಿದೆ.

ಅಜ್ಜಿ ನನಗೂ ನೀವಾಳಿಸಿದಳು. ಒಲೆಗೆ ಬಿದ್ದದ್ದೇ ತಡ, ಮನೆಮಂದಿಯೆಲ್ಲ ಕೆಮ್ಮುತ್ತ, ಸೀನುತ್ತ ಅಂಗಳಕ್ಕೆ ಓಡಿದರು. ಪವಿತ್ರ ಬಾಯಿಗೆ ಬಟ್ಟೆ ಹಿಡಿದು ನಗುತ್ತಿದ್ದಳು.

"ನಿಂಗೆ ಯಾರ ಕಣ್ಣೂ ಬಿದ್ದಿಲ್ಲ ಕಣವ್ವ," ಎಂದಳು ಅಜ್ಜಿ.

ನಾನು ಪವಿತ್ರಳನ್ನೇ ನೋಡುತ್ತ ನಿಂತೆ. ಅಜ್ಜಿ ಹತ್ತಿರ ಬಂದು, ಉಪ್ಪು ಮೆತ್ತಿದ ಕೈಯಿಂದ ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಅವಳ್ನ ಅಂಗ್ ನೋಡ್ಬ್ಯಾಡ, ಮಗ," ಎಂದಳು.