ಮೊದಲ ದೀಪ ಹಚ್ಚಿದವನು

ದ್ವೀಪದ ಬಂದರಿನ ದೀಪಸ್ತಂಭಗಳ ಚರಿತ್ರೆ ಬರೆಯಲು ಒಪ್ಪಿಕೊಂಡ ಮಾಸ್ತರರಿಗೆ ತಲೆ ಚಿಟ್ಟು ಹಿಡಿದಿತ್ತು. ಈಗಿನ ಸಿಮೆಂಟಿನದು, ಹಿಂದಿನ ಕಬ್ಬಿಣದ್ದು, ಎರಡರ ಕಥೆಯೂ ಸಿಕ್ಕಿತ್ತು. ಅವಕ್ಕೂ ಮೊದಲು ಬಂಡೆಯ ಮೇಲೆ ಎಣ್ಣೆದೀಪ ಹಚ್ಚಿಡುತ್ತಿದ್ದವನ ಹೆಸರು ಮಾತ್ರ ಸಿಕ್ಕಿರಲಿಲ್ಲ. ನಾಳೆ ಅವನ ಸ್ಮಾರಕದ ಕಲ್ಲು ನಿಲ್ಲಿಸಬೇಕು.

"ಬೇಗ ಹೆಸರು ಕೊಡಿ, ಇಲ್ಲವಾದರೆ ನಿಮ್ಮದೇ ಕೆತ್ತಿಬಿಡ್ತೇನೆ," ಎಂದು ಕಲ್ಲುಕುಟಿಗ ಆಗಲೇ ರೇಗಿಸಿದ್ದ.

ಇಂಥ ಗೌರವಕ್ಕೆ ಊರವರು ಕಿತ್ತಾಡುತ್ತಾರೆಂದು ಮಾಸ್ತರರು ಹೆದರಿದ್ದರು. ಆದರೆ ಕೇಳಿದವರೆಲ್ಲ ಪಕ್ಕದ ಮನೆಗೆ ಕೈ ತೋರಿಸಿದರು.

"ನಮ್ಮಜ್ಜ ಅಲ್ಲಪ್ಪ, ಅವರಜ್ಜ."

"ಯಾರು ಹೇಳಿದ್ದು? ನಮ್ಮಜ್ಜನಿಗೆ ಬೀಡಿ ಹಚ್ಚಲಿಕ್ಕೂ ಬರ್ತಿರಲಿಲ್ಲ!"

ಕೇಳುವ ರೀತಿಯಲ್ಲೇ ತನ್ನದೇನಾದರೂ ತಪ್ಪಿರಬಹುದೇ ಎಂದು ಕೊರಗುತ್ತ ಅವರು ಕೊನೆಯ ಮನೆಯ ಜಗಲಿಯಲ್ಲಿ ಕುಸಿದು ಕೂತರು. ಬಲೆ ಸರಿಮಾಡುತ್ತಿದ್ದ ಮುದುಕಿ ನೀರು ತಂದುಕೊಟ್ಟಳು.

"ಅಷ್ಟು ಪುಣ್ಯದ ಕೆಲಸ ಮಾಡಿದವನನ್ನು ನಮ್ಮವನು ಅನ್ನಲಿಕ್ಕೆ ನಿಮ್ಮೂರಿಗೆ ನಾಚಿಕೆಯೇನಮ್ಮಾ?" ಮಾಸ್ತರರ ದನಿ ತಾನಾಗಿ ಏರಿತು.

"ದೀಪ ಎಲ್ಲಿಡ್ತಿದ್ದರು ಮಾಸ್ತರ್ರೇ?"

"ತೆಂಕಣ ಬಂಡೆ ಮೇಲೆ. ಕಲ್ಲಲ್ಲಿ ಕೊರೆದ ಗೂಡು ಇನ್ನೂ ಇದೆ, ನಾನೇ ನೋಡಿಬಂದೆ."

"ಹಡಗು ಬರುವ ದಾರಿ?"

"ಅದು ಬಡಗಕ್ಕೆ..."

"ಹಚ್ಚಿದ್ದು ನಮ್ಮಜ್ಜನೇ, ಬರಕೊಳ್ಳಿ," ಎಂದಳು ಮುದುಕಿ. "ದೀಪ ನಂಬಿ ಬಂದ ಹಡಗು ಬಂಡೆಗೆ ಬಡಿದ ಮೇಲೆ ಸಾಮಾನು ಹೊತ್ತು ತರಲಿಕ್ಕೆ ಇವರೆಲ್ಲರ ಅಜ್ಜಂದಿರೂ ಇದ್ದರು."