ಅಕ್ಕನ ಫೋಕಸ್

"ಇಲ್ಲೊಂದು ಟೇಪ್ ಇತ್ತಲ್ಲ?"

ಲಿಫ್ಟ್ ಮೆಕ್ಯಾನಿಕ್ ಹಾಗೆ ಕೇಳಿದಾಗ ಕನ್ನಡಕದಂಗಡಿಯವನು ಹೆಮ್ಮೆಯಿಂದಲೇ ಉತ್ತರಿಸಿದ. "ಕಿತ್ತಾಕ್ಬಿಟ್ಟೆ. ಅಂಟೂ ಉಳೀಬಾರ್ದು ಅಂತ ಸ್ಪಿರಿಟ್ ಹಾಕಿ ಒರೆಸಿದೀನಿ. ಫೋಕಸ್ ಗುಂಡಿ ಈಗ ಬೆಣ್ಣೆ ತರ ತಿರುಗುತ್ತೆ, ನೋಡಿ."

ಮೆಕ್ಯಾನಿಕ್ ಟೆಲಿಸ್ಕೋಪಿನ ಗುಂಡಿಗೆ ಬೆರಳ ತುದಿ ತಾಗಿಸಿ, ಬಿಸಿ ಮುಟ್ಟಿದವನಂತೆ ಹಿಂತೆಗೆದ. "ತಿರುಗಿಸಿದ್ರಾ?"

ಮನೆ ಬದಲಾಯಿಸುವಾಗ ಕೊಳವೆಯ ತಳದ ಕನ್ನಡಿ ಅಲುಗಿದೆ, ಅದನ್ನು ನೇರ ಮಾಡಿಕೊಟ್ಟರೆ ಸಾಕು ಎಂದಷ್ಟೇ ಅವನು ಹೇಳಿಹೋಗಿದ್ದ. ಅಂಗಡಿಯವನು ಮಾತ್ರೆ ಡಬ್ಬಿಯ ಮುಚ್ಚಳದ ನಡುವೆ ಸೂಜಿಯಿಂದ ತೂತು ಮಾಡಿ, ಅದನ್ನು ಕಣ್ಣಿಡುವ ಜಾಗಕ್ಕೆ ಸಿಕ್ಕಿಸಿ, ತೂತಿನೊಳಗೆ ಕಾಣುವ ವೃತ್ತಗಳೆಲ್ಲ ಒಂದರೊಳಗೊಂದು ಕೂರುವವರೆಗೆ ಕನ್ನಡಿಯ ಹಿಂದಿನ ತಿರುಪುಗಳನ್ನು ತಿರುಗಿಸಿದ್ದ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಒಮ್ಮೆ ಪರೀಕ್ಷಿಸದೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ದೂರದ ಗುಡ್ಡದ ಮೇಲಿನ ಟವರಿನತ್ತ ತಿರುಗಿಸಿದರೆ ಬರೀ ಮಬ್ಬು. ಅದಕ್ಕೆ ಕಾರಣ ಆ ಹಾಳು ಟೇಪು ಎಂದುಕೊಂಡಿದ್ದ.

"ಅದು ಅಕ್ಕ ಅಂಟಿಸಿದ್ದು," ಎಂದ ಮೆಕ್ಯಾನಿಕ್. "ಮೂವತ್ತೆರಡು ವರ್ಷದಿಂದ ಯಾರೂ ಮುಟ್ಟಿರ್ಲಿಲ್ಲ. ಅವಳು ಹೋಗಿ ಮೂರು ತಿಂಗಳಾಯ್ತು."

ಗಲ್ಲಾದಲ್ಲಿ ಫ್ರೇಮು ಒರೆಸುತ್ತಿದ್ದ ಅಂಗಡಿಯವನ ಹೆಂಡತಿ ತಲೆಯೆತ್ತಿದಳು. "ನಾನು ಬಡ್ಕೊಂಡೆ. ಇವ್ರಿಗೆ ಕೆಟ್ಟಿರೋದಕ್ಕಿಂತ ಸರಿಯಿರೋದನ್ನ ಕಂಡ್ರೇನೇ ಕೈ ಕೆರೆತ."

"ಆದ್ರೆ ಸಾರ್, ಅಲ್ಲಿ ಏನೂ ಕಾಣ್ತಿರ್ಲಿಲ್ಲ!" ಎಂದ ಅಂಗಡಿಯವನು.

"ಗೊತ್ತು. ನಂಗೂ ಯಾವತ್ತೂ ಕಂಡಿಲ್ಲ." ಮೆಕ್ಯಾನಿಕ್ ಸ್ಟೂಲಿನ ಮೇಲೆ ಕೂತ. "ಎರಡು ವರ್ಷ ಕೂತು ಆ ಕನ್ನಡೀನ ಅವಳೇ ಉಜ್ಜಿ ಮಾಡಿದ್ದು. ಬೆರಳಿನ ಚರ್ಮ ಎಲ್ಲ ಹೋಗಿತ್ತು. ಮೊದಲನೇ ದಿನ ಶನಿ ಕಡೆ ತಿರುಗಿಸಿ, ಕನ್ನಡಕ ತೆಗೆದಿಟ್ಟು ತಾನು ನೋಡಿದ್ಲು, ಆಮೇಲೆ ನನ್ನ ಎತ್ತಿ ನಿಲ್ಲಿಸಿದ್ಲು. 'ಕಾಣಿಸ್ತಾ? ಕಾಣಿಸ್ತೇನೋ?' ಅಂತ ಒಂದೇ ಸಮ. ನಂಗೆ ಹಾಲು ಚೆಲ್ಲಿದ ಹಾಗಿತ್ತು, ಅಷ್ಟೇ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಶಾಲೆ ಪುಸ್ತಕದಲ್ಲಿ ಶನಿಗ್ರಹದ ಚಿತ್ರ ನೋಡಿದ್ನಲ್ಲ, 'ಉಂಗುರಾನೂ ಕಾಣಿಸ್ತಕ್ಕ' ಅಂದ್ಬಿಟ್ಟೆ. ಆ ಖುಷೀಲಿ ಟೇಪ್ ಅಂಟಿಸಿದ್ಲು. ಇಬ್ರಿಗೂ ಸರಿಹೋಯ್ತು, ಇನ್ಮೇಲೆ ಯಾರೂ ಮುಟ್ಬೇಡಿ ಅಂತ."

ಹೊರಗೆ ಯಾವುದೋ ಸ್ಕೂಟರು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು.

"ಮೊದಲನೇ ದಿನ ಹೂಂ ಅಂದವನು ಎರಡನೇ ದಿನ ಹೇಗೆ ಇಲ್ಲ ಅನ್ನೋದು, ಹೇಳಿ? ಅವಳು ನೋಡ್ತಿದ್ದಿದ್ದನ್ನ ಒಂದೇ ಒಂದ್ಸಲ ನೋಡ್ಬೇಕು ಅಂತಿತ್ತು. ಹೇಗೆ ಅಂತ ಗೊತ್ತಿರ್ಲಿಲ್ಲ. ಟೇಪ್ ಇದೆಯಲ್ಲ, ಇವತ್ತಲ್ಲ ನಾಳೆ ಅಂದ್ಕೊಂಡಿದ್ದೆ."

ಅಂಗಡಿಯವನು ಗುಂಡಿಯನ್ನೊಮ್ಮೆ ನೋಡಿದ. ಆಮೇಲೆ ಕೇಳಿದ: "ಅವ್ರ ಕನ್ನಡಕ ಇದೆಯಾ?"

ಅದು ಮೆಕ್ಯಾನಿಕ್‌ನ ಅಂಗಿಯ ಜೇಬಿನಲ್ಲೇ ಇತ್ತು. ಹಾಕಿಕೊಂಡವರ ಕಣ್ಣನ್ನು ಎರಡರಷ್ಟು ದೊಡ್ಡದಾಗಿ ತೋರಿಸುವ, ನಡುವೆ ಉಬ್ಬಿದ ದಪ್ಪ ಗಾಜು. ಅಂಗಡಿಯವನು ಅದನ್ನು ಅಳೆದ. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದ.

"ಪ್ಲಸ್ ಆರು ಪವರ್. ಕನ್ನಡಕ ತೆಗೆದಾಗ ಅವ್ರಿಗೆ ಸರಿಯಾಗಿದ್ದ ಗುಂಡಿ ಜಾಗ ನಮ್ಮಂಥೋರಿಗೆ ಮಬ್ಬೇ. ಆದ್ರೆ ಇದಕ್ಕೆ ತದ್ವಿರುದ್ಧದ, ಮೈನಸ್ ಆರರ ಗಾಜು ಹಿಡ್ಕೊಂಡು ನೋಡಿದ್ರೆ ನನ್ನ ಕಣ್ಣು ನಿಮ್ಮಕ್ಕನ ಕಣ್ಣಾಗುತ್ತೆ. ಆಗ ಗುಂಡಿ ಎಲ್ಲಿದ್ರೆ ಚೊಕ್ಕವಾಗಿ ಕಾಣುತ್ತೋ, ಅದೇ ಅವ್ರು ಬಿಟ್ಟುಹೋದ ಜಾಗ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗ್ಬಹುದು, ಈಗ್ಲೇ ಹೇಳ್ತಿದೀನಿ..."

"ಅದನ್ನ ಆಮೇಲೆ ಹೇಳಿ, ಮೊದ್ಲು ಮಾಡಿ," ಎಂದಳು ಹೆಂಡತಿ.

ಪೆಟ್ಟಿಗೆಯಿಂದ ಪರೀಕ್ಷೆಯ ಗಾಜೊಂದನ್ನು ಆರಿಸಿ, ಕಿಟಕಿಯ ಬಳಿ ನಿಂತು ಅವನು ಗುಂಡಿ ತಿರುಗಿಸಿದ. ಪೆನ್ಸಿಲಿನಿಂದ ಗುರುತು ಹಾಕಿದ. ಎಲ್ಲವನ್ನೂ ಕದಲಿಸಿ ಮತ್ತೆ ಮೊದಲಿನಿಂದ ಹುಡುಕಿದ. ಎರಡನೇ ಗುರುತು ಮೊದಲಿನದಕ್ಕಿಂತ ಒಂಚೂರು ಆಚೆ ಬಿತ್ತು. ಐದು, ಆರು, ಏಳನೇ ಗುರುತುಗಳು ಒಂದರ ಮೇಲೊಂದು ಬಿದ್ದ ಮೇಲೆಯೇ ಅವನು ಕೈ ಚಾಚಿದ್ದು. ಹೆಂಡತಿ ಹೊಸ ಟೇಪನ್ನು ಹಲ್ಲಿನಿಂದ ತುಂಡರಿಸಿ ಕೊಟ್ಟಳು.

"ಈ ಗಾಜನ್ನ ಕಣ್ಣಿಗೆ ಒತ್ತಿ ಹಿಡ್ಕೊಂಡು ನೋಡಿ," ಎಂದ ಅಂಗಡಿಯವನು, ಗುಂಡಿಗೆ ಟೇಪ್ ಅಂಟಿಸಿ.

ಮೆಕ್ಯಾನಿಕ್ ಬಾಗಿದ. ಟೆಲಿಸ್ಕೋಪಿನಲ್ಲಿ ಎಲ್ಲ ತಲೆಕೆಳಗು: ಟವರಿನ ತುದಿ, ಕೆಂಪು ದೀಪ, ದೀಪದ ಮೇಲೆ ಕೂತ ಒಂದು ಹಕ್ಕಿ. ಅದು ರೆಕ್ಕೆ ಬಿಚ್ಚಿದಾಗ ಗರಿಗಳ ನಡುವಿನ ಸಂದೂ ಕಂಡಿತು. ಅವನು ಉಸಿರು ಬಿಡದೆ ನೋಡಿದ. ಹಕ್ಕಿ ಹಾರಿಹೋದ ಮೇಲೂ ನೋಡಿದ.

ಆಮೇಲೆ ಗಾಜನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಬರಿಗಣ್ಣನ್ನು ಮತ್ತೆ ಅಲ್ಲೇ ಇಟ್ಟ. ಬಿಳಿ ಮಬ್ಬು. ಹಾಲು ಚೆಲ್ಲಿದ ಹಾಗೆ.

ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಕಾಣಿಸ್ತಾ ಸಾರ್?"

"ಇಲ್ಲಕ್ಕ," ಎಂದ ಮೆಕ್ಯಾನಿಕ್, ಕಣ್ಣು ತೆಗೆಯದೆ. "ನಂಗೆ ಕಾಣಿಸ್ತಿಲ್ಲ."

ಅಭ್ಯಾಸಬಲದಿಂದ ಗುಂಡಿಯತ್ತ ಹೊರಟ ತನ್ನ ಬಲಗೈಯನ್ನು ಅಂಗಡಿಯವನು ಎಡಗೈಯಿಂದ ಹಿಡಿದು ನಿಲ್ಲಿಸಿಕೊಂಡ.