ಲಚ್ಚಿಯ ಕಿವಿಗೆ

ಊರಿಗಾಂನ ಸೈನೈಡ್ ದಿಬ್ಬದ ಬುಡದಲ್ಲಿ ಕಾರಿನ ಮುಂದಿನ ಚಕ್ರ ಎರಡೂ ಹೂತುಕೊಂಡವು. ಗಣಿಯ ಕಲ್ಲನ್ನು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದುಮಣ್ಣು ಅದು. ನೋಡುವುದಕ್ಕೆ ಗಟ್ಟಿ ನೆಲ, ಹಿಂದಿನ ದಿನದ ಮಳೆಗೆ ಒಳಗೆಲ್ಲ ಗಂಜಿ. ಫೋಟೊ ಚೆನ್ನಾಗಿ ಬರುತ್ತದೆಂದು ರಸ್ತೆ ಬಿಟ್ಟು ಕಾರು ಇಳಿಸಿದವಳು ಶ್ರುತಿ. ಕಾರು ಅವಳ ಅಣ್ಣನದು.

"ಇಳಿಸ್ಬೇಡ, ಇದು ನಮ್ಮೂರ ಮಣ್ಣು, ನಂಗೆ ಗೊತ್ತು ಅಂದೆ. ಕೇಳಿದ್ಯಾ ತಾಯೀ?" ಎಂದ ಗೋಪಿನಾಥ್, ಮೊಣಕಾಲವರೆಗೆ ಬೂದು ಬಳಿದುಕೊಂಡು.

"ನೀನೇ ಅಲ್ವೇನೋ, ಬಾ ಬಾ ಅಂತ ಕೈ ಆಡಿಸ್ತಾ ಇದ್ದಿದ್ದು?"

"ಅಯ್ಯೋ ಸಾಮಿ, ಅದು ನೊಣ ಓಡಿಸಿದ್ದು!"

ಬಂಗಾರಪೇಟೆಯ ಕಾಲೇಜಿನಲ್ಲಿ ಮೂವರೂ ಒಂದೇ ತರಗತಿ. ಮೂರನೆಯವಳು ಪ್ರಿಯಾ ಮಾತ್ರ ನಗಲಿಲ್ಲ. ಇಳಿಯುತ್ತಿದ್ದ ಬಿಸಿಲನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಬೂದಿಕೋಟೆ ಪಕ್ಕದ ಹಳ್ಳಿಯಿಂದ ಅಪ್ಪ ಮುನಿನಾರಾಯಣಪ್ಪ.

"ಕ್ಲಾಸು ಮುಗೀಲಿಲ್ವಾ ಮಗಾ? ಲಚ್ಚಿ ಅತ್ರಕ್ಕೇ ಸೇರಿಸ್ತಿಲ್ಲ. ಬೆಳಗ್ಗೇನೂ ನೀನು ಅವಸರದಾಗೆ ಅರ್ಧ ಕರ್ದೋದೆ. ಕೆಚ್ಚಲು ಕಲ್ಲಾಗೈತೆ. ಮುಟ್ಟಿದ್ರೆ ನಡುಗ್ತಾಳೆ."

ಲಚ್ಚಿ ಮನೆಯ ಹಸು, ಚೊಚ್ಚಲು. ಹುಟ್ಟಿದ ವಾರದಲ್ಲೇ ಕರು ಸತ್ತಿತು. ಆಮೇಲೆ ಯಾರು ಕೂತರೂ ಒದೆಯೇ. ಒಂದು ಸಂಜೆ ಪ್ರಿಯಾ ಸುಮ್ಮನೆ ಅದರ ಪಕ್ಕ ಕೂತು ಕಾಲೇಜಿನ ಸುದ್ದಿ ಹೇಳುತ್ತಿದ್ದಾಗ, ಏನು ಕರುಣೆ ಬಂತೋ ಭಗವಂತನಿಗೆ, ಹಾಲು ತಾನಾಗಿ ಇಳಿಯಿತು. ಅಂದಿನಿಂದ ಅವಳ ಮಾತು ಬಿದ್ದರಷ್ಟೇ ಲಚ್ಚಿ ಹಾಲು ಬಿಡುವುದು. ಇನ್ನೊಂದು ಸಲ ಕೆಚ್ಚಲು ಬಾತರೆ ಮೊಲೆ ಹೋದಂತೆಯೇ ಎಂದು ಡಾಕ್ಟರು ಹೇಳಿದ್ದರು.

"ಅಪ್ಪ, ಬರೋದು ತಡ ಆಗುತ್ತೆ," ಎಂದಳು ಪ್ರಿಯಾ.

ಶ್ರುತಿ ಫೋನನ್ನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು. "ಅಂಕಲ್, ಫೋನು ಹಸು ಕಿವಿ ಹತ್ರ ಹಿಡೀರಿ. ಅಜ್ಜಿ ಕರೀಲಿ. ಇವಳು ಮಾತಾಡ್ತಾಳೆ. ಏಯ್, ದಿನಾ ಏನು ಹೇಳ್ತೀಯೋ ಅದನ್ನೇ ಹೇಳೇ."

ಪ್ರಿಯಾಳ ಮುಖ ಸಣ್ಣದಾಯಿತು. ದಿನಾ ಹೇಳುವುದು ಅಪ್ಪನ ಎದುರು ಹೇಳುವಂಥದ್ದಲ್ಲ. ಅವರ ಮನೆಯಲ್ಲಿ ಅಪ್ಪ ಮಗಳ ಮಾತು ಎಂದರೆ ಬಂದ್ಯಾ, ಬಂದೆ, ಉಂಡ್ಯಾ, ಉಂಡೆ, ಅಷ್ಟೇ.

"ಲಚ್ಚೀ, ನನ್ ಬಂಗಾರ, ಜಾಣೆ ಅಲ್ವಾ ನೀನು," ಎಂದು ಶುರು ಮಾಡಿದಳು. ಆ ಕಡೆಯಿಂದ ಬಕೆಟ್ಟು ಉರುಳಿದ ಸದ್ದು. "ನಿನ್ ಕಾಲು ಸೇದೋಗಾ!" ಎಂದು ಅಜ್ಜಿ ವರಲಕ್ಷ್ಮಮ್ಮನ ಕೂಗು.

"ಮಸ್ಕಾ ಹೊಡೆದ್ರೆ ಅದಕ್ಕೂ ಗೊತ್ತಾಗುತ್ತೆ," ಎಂದ ಗೋಪಿನಾಥ್, ಮೆಲ್ಲಗೆ.

ಪ್ರಿಯಾ ಫೋನು ಹಿಡಿದು, ಇಬ್ಬರಿಗೂ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತಳು. ಕಣ್ಣು ಮುಚ್ಚಿದಳು.

"ಲಚ್ಚೀ, ನಾನು ಕಣೇ. ಇವತ್ತು ಕ್ಲಾಸು ಇರ್ಲಿಲ್ಲ. ಅಪ್ಪಂಗೆ ಸುಳ್ಳು ಹೇಳಿ ಊರಿಗಾಂ ನೋಡಕ್ಕೆ ಬಂದೆ. ಕಾರು ಹೂತ್ಕೊಂಡೈತೆ, ನೀನಿದ್ದಿದ್ರೆ ಹಗ್ಗ ಕಟ್ಟಿ ಎಳೆಸ್ತಿದ್ದೆ." ಉಸಿರು ತೆಗೆದುಕೊಂಡಳು. "ನಿನ್ ಕರು ಹೋದ ದಿನ ಕಾಲೇಜಲ್ಲಿ ನಾನು ಬಾಯೇ ಬಿಡ್ಲಿಲ್ಲ. ಕರುಗೋಸ್ಕರ ಅಳ್ತಾಳೆ ಅಂತ ನಗ್ತಾರೆ ಅಂದ್ಕೊಂಡೆ. ಶ್ರುತಿ ಏನೂ ಕೇಳ್ದೆ ಡಬ್ಬಿ ತೆಗೆದು ಅನ್ನ ಕಲಸಿ ಕೈಗಿಟ್ಳು. ಗೋಪಿ ಅವನ ಟ್ರೈನು ಬಿಟ್ಟು, ನನ್ ಬಸ್ಸು ಬರೋ ತನಕ ನಿಂತಿದ್ದ. ಇಂಥೋರನ್ನ ದೇವರು ನಂಗೆ ಕೊಟ್ಟವ್ನೆ ಕಣೇ. ಅವರಿಗೆ ಒಂದು ದಿನಾನೂ ಹೇಳಿಲ್ಲ. ನಿಂಗೇ ಹೇಳ್ತಾ ಬಂದೆ."

ಫೋನಿನೊಳಗೆ ಸರ್ ಎಂದಿತು. ಮತ್ತೆ ಸರ್. ಆಮೇಲೆ ಬಿಡದೆ, ಖಾಲಿ ಬಕೆಟ್ಟಿಗೆ ಹಾಲಿನ ಧಾರೆ.

ಶ್ರುತಿ ದಿಬ್ಬದ ಕಡೆಗೆ ಮುಖ ತಿರುಗಿಸಿದಳು. ಗೋಪಿನಾಥ್ ಬೂದುಗೈಯಲ್ಲೇ ಕಣ್ಣೊರೆಸಿಕೊಂಡು ವಿಭೂತಿ ಬಳಿದ ಜಂಗಮನಂತಾದ. "ಡೇ, ಯಾರೂ ನೋಡ್ಬೇಡಿ," ಎಂದ.

ಗಣಿ ಕೆಲಸಗಾರರ ಲೈನ್ ಮನೆಗಳ ಕಡೆ ಹೋಗುತ್ತಿದ್ದವರು ನಾಲ್ಕು ಜನ ನಿಂತರು. ಕೇಳುವ ಮೊದಲೇ ಒಬ್ಬರು ಹಲಗೆ ತಂದು ಚಕ್ರದಡಿ ಇಟ್ಟರು. ಎಲ್ಲರೂ ಸೇರಿ ತಳ್ಳಿದರು. ಕಾರು ಗುರುಗುಟ್ಟಿ ರಸ್ತೆಗೆ ಬಂತು. ಶ್ರುತಿ ಒಬ್ಬೊಬ್ಬರಿಗೂ ಕೈ ಮುಗಿದಳು. ಪ್ರಿಯಾಳನ್ನು ಕರೆಯಲೆಂದು ಹಾರನ್ ಒತ್ತಹೋದ ಗೋಪಿನಾಥನ ಕೈ ಹಿಡಿದಳು.

ಪ್ರಿಯಾ ಇನ್ನೂ ಕಲ್ಲಿನ ಮೇಲೆಯೇ ಕೂತು ಮಾತಾಡುತ್ತಿದ್ದಳು. "ಅವತ್ತು ಅಪ್ಪ ಕರೂನ ಮಣ್ಣು ಮಾಡಿ ಬಂದು ಉಣ್ಣಲಿಲ್ಲ ಲಚ್ಚೀ. ಹಟ್ಟಿ ಹಿಂದೆ ಒಬ್ರೇ ಕೂತಿದ್ರು. ನಾನು ನೋಡ್ದೆ. ಬಾ ಅಪ್ಪ, ಉಣ್ಣು ಅನ್ನಕ್ಕೆ ಬಾಯಿ ಬರ್ಲಿಲ್ಲ. ತಟ್ಟೆ ಮುಚ್ಚಿಟ್ಟು ನಾನೂ ಉಣ್ಣದೆ ಮಲಗಿದೆ."

ಹಾಲಿನ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ದೂರದಿಂದ ಅಜ್ಜಿಯ ದನಿ ಬಂತು: "ಲೋ ಮುನಿನಾರಾಯಣ, ನಾನು ಡೇರಿಗೆ ಆಲು ಆಕಿ ಬಂದೂ ಆಯ್ತು, ಲಚ್ಚಿ ಮಲಗಿ ಮೆಲುಕು ಆಕ್ತಾವ್ಳೆ. ಆ ಫೋನು ಇನ್ನೂ ಯಾಕ್ಲಾ ಕಿವೀಗಿಟ್ಕಂಡು ಕುಂತಿದ್ದೀಯ?"

"ಸುಮ್ಕಿರವ್ವ," ಎಂದಿತು ಒದ್ದೆಯಾದ ದನಿ, ಫೋನಿಗೆ ತೀರಾ ಹತ್ತಿರದಿಂದ. "ಆಮ್ಯಾಲೆ? ಹೇಳು ಮಗಾ."